ಎಂಟು ಸೆಕೆಂಡು ಮುಂಚೆ

ಬೀದಿಯವರೆಲ್ಲ ಅವನನ್ನು ವೈರಣ್ಣ ಎಂದೇ ಕರೆಯುತ್ತಿದ್ದರು. ಹಜಾರದ ಟಿ.ವಿ.ಗೆ ಬರುವ ಚಾನೆಲ್ಲುಗಳನ್ನು ಕಂಪ್ಯೂಟರಿಗೆ ಹಾಕುವಂಥ ಇಂಟರ್ನೆಟ್ ತಂತಿಯ ಮೂಲಕವೇ ಮಲಗುವ ಕೋಣೆಗೆ, ಅಡುಗೆಮನೆಗೆ, ಮಹಡಿಗೆ, ಕೇಳಿದರೆ ಬಚ್ಚಲಿಗೂ ಮುಟ್ಟಿಸಿಕೊಡುವುದು ಅವನ ಕಸುಬು. ತಂತಿ ಒಂದೆಳೆಯೂ ಕಣ್ಣಿಗೆ ಬೀಳಬಾರದು. ಬಾಗಿಲ ಚೌಕಟ್ಟಿನ ಹಿಂದೆ, ಗೋಡೆಯ ಬುಡದ ಪಟ್ಟಿಯೊಳಗೆ ಅದನ್ನು ಎಳೆಯುವುದರಲ್ಲಿ ಅವನದು ಪಳಗಿದ ಕೈ. ಕೆಲಸ ಮುಗಿದರೂ ಮನೆಯವರ ಬಾಯಿಂದ ಒಂದು ‘ಅಬ್ಬಾ’ ಹೊರಡುವ ತನಕ ಚೀಲ ಎತ್ತುತ್ತಿರಲಿಲ್ಲ. ಹೊಗಳಿಕೆಗೆ ಸ್ವಲ್ಪ ಆಸೆಬುರುಕ, ಪಾಪ.

ಅವನ ಸ್ವಂತ ಮನೆಯಲ್ಲಿ ಮಾತ್ರ ಇದ್ದದ್ದು ಒಂದೇ ಟಿ.ವಿ., ಒಂದೇ ರಿಮೋಟು. ಅದಕ್ಕೆ ಹೆಂಡತಿ, ಮಗಳು, ಹೆಂಡತಿಯ ತಾಯಿ ಮೂವರೂ ವಾರಸುದಾರರು. ದಿನಾ ಸಂಜೆ ಕಿತ್ತಾಟ.

“ಊರಿಗೆ ಉಪಕಾರಿ, ಮನೆಗೆ ಮಾರಿ,” ಎಂದು ಹೆಂಡತಿ ಚುಚ್ಚಿದಳು. “ಕಂಡೋರ ಮನೆಗೆಲ್ಲ ಕೋಣೆಗೊಂದು ಟಿ.ವಿ. ಹಾಕಿ ಬರ್ತೀರಿ. ನಮಗೆ?”

ಮಾತು ನಾಟಿತು. ಒಂದು ಭಾನುವಾರ ಕೂತು ಮೂರು ಕೋಣೆಗೂ ತಂತಿ ಎಳೆದು ಒಂದೊಂದು ಟಿ.ವಿ. ಹಾಕಿದ. ಮೂವರೂ ‘ಅಬ್ಬಾ’ ಎಂದರು. ಎಂದವರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆಮೇಲೆ ಹಜಾರದ ಉದ್ದನೆಯ ಸೋಫಾ ಪೂರ್ತಿ ಅವನದಾಯಿತು. ಮೊದಲು ನಾಲ್ಕು ಜನ ಒತ್ತರಿಸಿಕೊಂಡು ಕೂರುವಾಗ ಅತ್ತೆಯ ಎಲೆಕ್ಟ್ರಿಕ್ ಬಿಸಿಚೀಲ ಅವನ ತೊಡೆ ಸುಡುತ್ತಿತ್ತು, ಮಗಳ ಮೊಣಕೈ ಪಕ್ಕೆಗೆ ತಿವಿಯುತ್ತಿತ್ತು. ಈಗ ಹಾಯಾಗಿ ಕಾಲು ಚಾಚಬಹುದು. ಆದರೆ ಹಾಯೆನಿಸಲಿಲ್ಲ. ಬೆಳಗಿನಿಂದ ಬೇರೆಯವರ ಗೋಡೆಗಳಿಗೆ ಮುಖ ಮಾಡಿ ಕೂತು ಬರುವವನಿಗೆ ಸಂಜೆ ಬೇಕಾಗಿದ್ದದ್ದು ಮನೆಯವರ ಬಾಯಿಂದ ನಾಲ್ಕು ಮಾತು, ಅಷ್ಟೇ. ಅವರು ಊಟವನ್ನೂ ತಟ್ಟೆಗೆ ಹಾಕಿಕೊಂಡು ಒಳಗೇ ಒಯ್ಯತೊಡಗಿದ ಮೇಲೆ ಅದಕ್ಕೂ ಕಲ್ಲು ಬಿತ್ತು.

“ಇಲ್ಲೇ ಬನ್ರಪ್ಪಾ, ದೊಡ್ಡ ಟಿ.ವಿ. ಇರೋದು ಇಲ್ಲಿ,” ಎಂದು ಕರೆದು ನೋಡಿದ.

“ಬೆನ್ನು ನೋವು ರೀ, ಮಲಗೇ ನೋಡ್ತೀನಿ,” ಎಂದಳು ಹೆಂಡತಿ. ಅತ್ತೆಗೆ ಕೇಳಿಸಲಿಲ್ಲ, ಅಥವಾ ಕೇಳಿಸದ ಹಾಗಿದ್ದರು.

“ಇಷ್ಟೆಲ್ಲ ಹಾಕಿದ್ದು ಇದಕ್ಕೇ ತಾನೇ ಅಪ್ಪಾ?” ಎಂದಳು ಮಗಳು ಮಹಡಿಯಿಂದ.

ಮಾಡಿದ್ದುಣ್ಣೋ ಮಹಾರಾಯ.

ಈ ಏರ್ಪಾಟಿನಲ್ಲಿ ಒಂದು ಸಣ್ಣ ಐಬಿತ್ತು. ಹಜಾರದ ಟಿ.ವಿ.ಗೆ ಚಿತ್ರ ನೇರವಾಗಿ ಬರುತ್ತಿತ್ತು. ಕೋಣೆಗಳಿಗೆ ಮಾತ್ರ ಒಂದು ಪುಟ್ಟ ಪೆಟ್ಟಿಗೆಯೊಳಗೆ ಹೊಕ್ಕು, ಚೂರುಚೂರಾಗಿ ತಂತಿಯಲ್ಲಿ ಹರಿದು, ಮತ್ತೆ ಕೂಡಿಕೊಳ್ಳುವಷ್ಟರಲ್ಲಿ ಎಂಟು ಸೆಕೆಂಡು ತಡ. ಗಿರಾಕಿಗಳಿಗೆ ಅವನು ಇದನ್ನು ಮೊದಲೇ ಹೇಳಿಬಿಡುತ್ತಿದ್ದ: “ಎಂಟು ಸೆಕೆಂಡಲ್ಲಿ ಯಾರ ಗಂಟು ಹೋಗುತ್ತೆ, ಹೇಳಿ?”

ಮ್ಯಾಚುಗಳು ಶುರುವಾದಾಗ ಗೊತ್ತಾಯಿತು. ಅವನ ಮನೆಯಲ್ಲಿ ಕ್ರಿಕೆಟ್ಟೆಂದರೆ ಎಲ್ಲರಿಗೂ ಪ್ರಾಣ. ಅತ್ತೆಗಂತೂ ತುಸು ಹೆಚ್ಚೇ. ಅಭ್ಯಾಸಬಲದಿಂದ ಅವನು “ಔಟ್!” ಎಂದು ಕಿರುಚಿದ. ಕೋಣೆಗಳಲ್ಲಿ ಬೌಲರ್ ಇನ್ನೂ ಚೆಂಡು ಉಜ್ಜುತ್ತಿದ್ದ.

“ಅಪ್ಪಾ! ಮೊದ್ಲೇ ಹೇಳ್ಬೇಡಿ!”

ಎರಡನೆಯ ಸಲ ನಕ್ಕರು. ಮೂರನೆಯ ಸಲಕ್ಕೆ ಹೆಂಡತಿ ಕಾನೂನು ಮಾಡಿದಳು. ಮ್ಯಾಚು ಮುಗಿಯುವ ತನಕ ಅವನು ತುಟಿ ಪಿಟಕ್ಕೆನ್ನಬಾರದು.

ಅಂದಿನಿಂದ ವಿಕೆಟ್ ಬಿದ್ದರೂ, ಸಿಕ್ಸರು ಹಾರಿದರೂ ದಿಂಬು ಅವುಚಿಕೊಂಡು ಸುಮ್ಮನೆ ಕೂರುತ್ತಿದ್ದ. ಎಂಟು ಎಣಿಸುವಷ್ಟರಲ್ಲಿ ಮೂರು ಬಾಗಿಲುಗಳ ಹಿಂದಿನಿಂದ ಹೋ ಎಂಬ ಸದ್ದು ಬರುತ್ತಿತ್ತು. ಅಷ್ಟರಲ್ಲಿ ಅವನ ಖುಷಿ ಆರಿ ತಣ್ಣಗಾಗಿರುತ್ತಿತ್ತು. ತನ್ನದೇ ಮನೆಯಲ್ಲಿ, ಎಲ್ಲರೂ ಇರುವಾಗಲೇ, ಅವನಿಗೆ ಒಂಟಿ ಅನ್ನಿಸಿತು.

ಕೊನೆಯ ಮ್ಯಾಚಿನ ಮಧ್ಯಾಹ್ನ ಅವನಿಗೊಂದು ಉಪಾಯ ಹೊಳೆಯಿತು. ನೇರ ತಂತಿಯನ್ನು ಕಿತ್ತು, ಹಜಾರದ ಟಿ.ವಿ.ಯನ್ನೂ ಪುಟ್ಟ ಪೆಟ್ಟಿಗೆಗೇ ಸೇರಿಸಿದ. ಒಳ್ಳೆಯ ಚಿತ್ರವನ್ನು ಬೇಕೆಂದೇ ತಡವಾಗಿಸಿದ ತಂತಿಗಾರ ಪ್ರಪಂಚದಲ್ಲಿ ಅವನೊಬ್ಬನೇ ಇರಬೇಕು. ಈಗ ನಾಲ್ವರಿಗೂ ಒಂದೇ ಗಳಿಗೆ. ಬಾಗಿಲು ಹಾಕಿದ್ದರೇನು, ಒಟ್ಟಿಗೆ ಕೂಗಬಹುದಲ್ಲ!

ಆರನೆಯ ಓವರಿನಲ್ಲಿ ವಿಕೆಟ್ ಬಿತ್ತು. “ಔಟ್!” ಎಂದು ಎದ್ದುನಿಂತು ಕೂಗಿದ. ಮೂರು ಕೋಣೆಗಳೂ ಅದೇ ಕ್ಷಣ ಕೂಗಿದವು. ಅವನ ಮೈ ಜುಂ ಎಂದಿತು. ನಗುತ್ತ ಬಾಗಿಲುಗಳ ಕಡೆ ತಿರುಗಿದ, ಯಾರಾದರೂ ಏನಾದರೂ ಅನ್ನಬಹುದೆಂದು.

ಯಾರೂ ಏನೂ ಅನ್ನಲಿಲ್ಲ. ಅವರ ಕೂಗಿನಲ್ಲಿ ಅವನ ಕೂಗು ಮುಳುಗಿಹೋಗಿತ್ತು. ಅವನು ಬಾಯಿ ತೆರೆದದ್ದೇ ಯಾರಿಗೂ ತಿಳಿದಿರಲಿಲ್ಲ. ಇನ್ನೆರಡು ವಿಕೆಟ್ಟಿಗೂ ಹಾಗೇ ಆಯಿತು. ಮೊದಲಾದರೆ ಬೈಯುವವರಾದರೂ ಇದ್ದರು.

ಅವನು ಸೋಫಾದಿಂದ ಎದ್ದು, ಟಿ.ವಿ.ಯ ಹಿಂದೆ ಕೈ ತೂರಿಸಿ, ನೇರ ತಂತಿಯನ್ನು ಮತ್ತೆ ಚುಚ್ಚಿದ.

ಮುಂದಿನ ವಿಕೆಟ್ ಬಿದ್ದಾಗ ಗಂಟಲು ಹರಿಯುವಂತೆ ಅರಚಿದ: “ಔಟ್! ಹೋದ! ಔಟ್!”

“ಅಪ್ಪಾ!”

“ಅಳಿಯಂದಿರೇ, ಎಲ್ಲಾ ಹಾಳ್ಮಾಡಿಬಿಟ್ರಲ್ಲ!”

ಮಲಗುವ ಕೋಣೆಯ ಬಾಗಿಲು ದಡಾರನೆ ತೆರೆಯಿತು. ಹೆಂಡತಿ ಕೆದರಿದ ಕೂದಲಲ್ಲೇ ಹಜಾರಕ್ಕೆ ಬಂದಳು. ಎಷ್ಟೋ ದಿನಗಳ ಮೇಲೆ, ಮ್ಯಾಚಿನ ಹೊತ್ತಿನಲ್ಲಿ, ಅವನೆದುರು ನಿಂತಳು.

“ಎಷ್ಟು ಸಲ ಹೇಳ್ಬೇಕು ರೀ ನಿಮಗೆ?”

ಅವನು ಸೋಫಾದಲ್ಲಿ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದ.

“ಇನ್ನೊಂದ್ಸಲ ಹೇಳು,” ಎಂದ.

ಅವಳು ಅವನ ಮುಖವನ್ನೊಮ್ಮೆ, ಖಾಲಿ ಜಾಗವನ್ನೊಮ್ಮೆ ನೋಡಿದಳು. ಒಳಗೆ ಅವಳ ಟಿ.ವಿ.ಯಲ್ಲಿ ಆಗಷ್ಟೇ ಆ ವಿಕೆಟ್ ಬಿದ್ದು ಜನ ಹೋ ಎಂದರು. “ನಿಮಗೆಲ್ಲೋ ತಲೆ ಕೆಟ್ಟಿದೆ,” ಎನ್ನುತ್ತ ಓಡಿಹೋಗಿ ಬಾಗಿಲು ಹಾಕಿಕೊಂಡಳು.

ವೈರಣ್ಣ ಮುಂದಿನ ಚೆಂಡಿಗೆ ಗಂಟಲು ಸರಿಮಾಡಿಕೊಂಡ.