ಅತ್ತೆ ತಂದ ಉಪ್ಸಾರು

ನಾನು ಚಿಕ್ಕವಳಿದ್ದಾಗ ಒಂದು ದಿನ ನಮ್ಮ ಅತ್ತೆಯನ್ನು, ಅಂದರೆ ಅಪ್ಪನ ತಂಗಿಯನ್ನು, ಕಳ್ಳರನ್ನು ಕಾಯುವ ಹಾಗೆ ಕಾದಿದ್ದೆ. ಕಾಯಲು ಹೇಳಿದವಳು ಅವ್ವ.

ಆಗ ನಾವು ಹಂಗಳದಲ್ಲಿದ್ದೆವು. ಕಟ್ಟುಮಸ್ತಾಗಿದ್ದ ಅಪ್ಪ ಆ ವರ್ಷ ಇಳಿದುಹೋಗಿದ್ದ. ಊಟಕ್ಕೇನೂ ಕಡಿಮೆಯಿರಲಿಲ್ಲ, ಎರಡು ಮುದ್ದೆ ಉಂಡು ಮೂರನೆಯದಕ್ಕೆ ಕೈಚಾಚುತ್ತಿದ್ದ. ಚೊಂಬುಗಟ್ಟಲೆ ನೀರು ಕುಡಿದರೂ ಬಾಯಿ ಒಣಗುತ್ತದೆ ಎನ್ನುತ್ತಿದ್ದ, ಗಳಿಗೆಗೊಮ್ಮೆ ಹಿತ್ತಿಲಿಗೆ ಎದ್ದು ಹೋಗುತ್ತಿದ್ದ. ಅಂಗಾಲಿಗೆ ಚುಚ್ಚಿದ್ದ ಜಾಲಿ ಮುಳ್ಳಿನ ಗಾಯ ತಿಂಗಳಾದರೂ ಮಾಯದೆ ವಾಸನೆ ಹಿಡಿದಿತ್ತು. ಕೇಳಿದರೆ ನೋವೇ ಇಲ್ಲ ಎನ್ನುತ್ತಿದ್ದ.

"ಇದು ಮದ್ದೇ ಕಣಮ್ಮಿ," ಎಂದಳು ಅವ್ವ. ಆಗದವರು ಊಟದಲ್ಲಿ ಏನೋ ಬೆರೆಸಿ ಕೊಟ್ಟು ಮನುಷ್ಯನನ್ನು ಒಳಗೊಳಗೇ ಸೊರಗಿಸುತ್ತಾರೆ ಎಂಬ ನಂಬಿಕೆ ನಮ್ಮ ಕಡೆ ಇತ್ತು. ಅದನ್ನೇ ಮದ್ದು ಹಾಕುವುದು ಎನ್ನುತ್ತಿದ್ದರು. ಗಂಡನ ಊರಾದ ಚಂದಕವಾಡಿ ಬಿಟ್ಟು ಅತ್ತೆ ನಮ್ಮ ಬೀದಿಗೇ ಬಂದು ನೆಲೆಸಿದ್ದಳು. ಅವ್ವನಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ದಿನವೂ ಅಪ್ಪನಿಗೆ ಉಪ್ಸಾರು ತಂದುಕೊಡುತ್ತಿದ್ದವಳು ಅವಳೇ. ಅನುಮಾನಕ್ಕೆ ಇನ್ನೇನು ಬೇಕು? ಮಾರನೆಯ ದಿನವೇ ಮದ್ದು ತೆಗೆಯುವವನ ಹತ್ತಿರ ಹೋಗುವುದೆಂದು ಅವ್ವ ತೀರ್ಮಾನಿಸಿ, ಅಲ್ಲಿಯವರೆಗೆ ಅತ್ತೆಯ ಮೇಲೆ ಕಣ್ಣಿಡಲು ನನಗೆ ಹೇಳಿದಳು.

ಅಂದು ಬೆಳಿಗ್ಗೆ ಅತ್ತೆ ಇಟ್ಟುಹೋದ ಸಾರನ್ನು ನಾನು ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದೆ. ಎಮ್ಮೆ ಸೊರಗುತ್ತದೇನೋ ಎಂದು ಅಲ್ಲೇ ನಿಂತು ನೋಡಿದೆ. ಅದು ಮೂತಿ ನೆಕ್ಕಿಕೊಂಡಿತು ಅಷ್ಟೆ. ಸ್ವಲ್ಪ ಹೊತ್ತಿಗೆ ಅತ್ತೆ ಮತ್ತೆ ಬಂದು, ಅಪ್ಪ ಮೂತ್ರಕ್ಕೆ ಕೂರುತ್ತಿದ್ದ ಬೇಲಿಯ ಪಕ್ಕ ಬಗ್ಗಿದಳು. ಏನೋ ಹೂಳುತ್ತಿದ್ದಾಳೆ ಎಂದು ನಾನು ಕಿರುಚಿಕೊಂಡೆ.

ಅವ್ವ ಸೌಟು ಹಿಡಿದೇ ಓಡಿಬಂದಳು. "ಏನ್ ಊಳ್ತಿದ್ದೀಯೆ ಅಲ್ಲಿ?"

ಅತ್ತೆ ತಲೆಯೆತ್ತಿದಳು. "ಬಂದು ನೋಡತ್ಗೆ, ಅಣ್ಣ ಕೂತಿದ್ ಜಾಗಕ್ಕೆ ಎಂಗ್ ಇರುವೆ ಮುತ್ಕಂಡವೆ. ಚಂದಕವಾಡೀಲಿ ನಮ್ಮತ್ತೆಗೂ ಇಂಗೇ ಆಗಿತ್ತು. ಮದ್ದು ತೆಗೆಸ್ತೀವಿ ಅಂತ ಅಲೆದೂ ಅಲೆದೂ, ಕೊನೆಗೆ ಕಾಲನ್ನೇ ಕತ್ತರಿಸ್ಬುಟ್ರು. ಮದ್ದು ಹಾಕಿರದು ನಾನೇ ಅಂತ್ಲೇ ಅನ್ಕೊ, ಅಣ್ಣನ್ನ ಮೊದ್ಲು ಆಸ್ಪತ್ರೆಗೆ ಕರ್ಕಂಡೋಗನ ನಡಿ."

ಗುಂಡ್ಲುಪೇಟೆಯ ಡಾಕ್ಟರು ಅಪ್ಪನ ಮೂತ್ರವನ್ನು ಗಾಜಿನ ಕೊಳವೆಯಲ್ಲಿದ್ದ ನೀಲಿ ನೀರಿಗೆ ಬೆರೆಸಿ ಕಾಯಿಸಿದರು. ನೋಡನೋಡುತ್ತಲೇ ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

"ನೋಡ್ದಾ, ಮದ್ದು ಕಾಣ್ತು!" ಎಂದಳು ಅವ್ವ.

"ಮದ್ದಲ್ಲಮ್ಮ, ಸಕ್ಕರೆ ಕಾಯಿಲೆ. ಇನ್ನಷ್ಟು ದಿನ ಬಿಟ್ಟಿದ್ರೆ ಕಾಲು ಹೋಗ್ತಿತ್ತು," ಎಂದರು ಡಾಕ್ಟರು. ಅತ್ತೆ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ನನಗೆ ನಾಚಿಕೆಯಿಂದ ತಲೆಯೆತ್ತಲು ಆಗಲಿಲ್ಲ.

ಅಪ್ಪನ ಕಾಲು ಉಳಿಯಿತು. ಬೆಲ್ಲದ ಕಾಫಿ ನಿಂತಿತು, ಮುದ್ದೆ ಒಂದಕ್ಕೆ ಇಳಿದು ಸೊಪ್ಪು ಹೆಚ್ಚಿತು. ಮಾತ್ರೆ ಮತ್ತು ನಡಿಗೆ ಒಂದು ದಿನವೂ ತಪ್ಪಲಿಲ್ಲ. ಅವ್ವ ಒಂದು ದಿನ, ಅತ್ತೆ ಒಂದು ದಿನ ಅಪ್ಪನ ಅಂಗಾಲು ತೊಳೆದು, ಒರೆಸಿ, ಗಾಯವಿದೆಯೇ ಎಂದು ನೋಡುತ್ತಿದ್ದರು. ಅವರಿಬ್ಬರ ನಡುವೆ ಮಾತು ಮಾತ್ರ ಅಷ್ಟಕ್ಕಷ್ಟೇ.

ಈಗ ನನಗೂ ಅದೇ ಕಾಯಿಲೆ ಬಂದಿದೆ. ಮಕ್ಕಳೇ, ನೀವು ನನ್ನ ಬೆರಳು ಚುಚ್ಚಿ ಪುಟ್ಟ ಮಿಷನ್ನಿನಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡುತ್ತೀರಿ, ಮೊಬೈಲ್ ಬೆಳಕಿನಲ್ಲಿ ಅಂಗಾಲು ಪರೀಕ್ಷಿಸುತ್ತೀರಿ. ಡಬ್ಬಿಯಲ್ಲಿ ಮೈಸೂರುಪಾಕು ಕಡಿಮೆಯಾದರೆ ನನ್ನನ್ನೇ ಗುಮಾನಿಯಿಂದ ನೋಡುತ್ತೀರಿ. ನೋಡಿ, ಬೇಜಾರಿಲ್ಲ. ಒಂದು ಸಲ ಅದು ನಿಜವೂ ಆಗಿತ್ತು. ನಿಮಗೆ ಮಿಷನ್ ಹೇಳುವುದನ್ನು ನಮಗೆ ಹೇಳಿದವಳು ಅತ್ತೆ. ನಾನು ಸಾರನ್ನು ಎಮ್ಮೆಗೆ ಸುರಿದದ್ದನ್ನು ಅಂದು ಬೇಲಿಯ ಆಚೆಯಿಂದ ನೋಡಿದ್ದಳಂತೆ. ಎಷ್ಟೋ ವರ್ಷದ ಮೇಲೆ ನಗುತ್ತಾ ಹೇಳಿದಳು. ಅದನ್ನು ಕಂಡ ಮಾರನೆಯ ದಿನವೂ ಅವಳು ಬಟ್ಟಲು ತುಂಬ ಸಾರು ತಂದಿದ್ದಳು.