ಚಿಕ್ಕಮುನಿಯಮ್ಮನ ಹಡಗಿನ ಬಿಲ್ಲೆಗಳು

ಸಮುದ್ರದ ಮಾತು ಹಾಗಿರಲಿ, ಚಿಕ್ಕಮುನಿಯಮ್ಮ ಊರ ಕೆರೆಯಲ್ಲೂ ಮೊಣಕಾಲುದ್ದದ ನೀರು ದಾಟಿ ಒಳಗೆ ಇಳಿದವಳಲ್ಲ. ಆದರೂ ಎಪ್ಪತ್ತೊಂಬತ್ತನೇ ಇಸವಿಯ ಹೊತ್ತಿಗೆ ಹಡಗುಗಳ ವಿಷಯದಲ್ಲಿ ಅವಳಷ್ಟು ತಲೆ ಕೆಡಿಸಿಕೊಂಡವರು ಇಡೀ ಪೀಣ್ಯದಲ್ಲಿ ಇನ್ನೊಬ್ಬರಿರಲಿಲ್ಲ. ರಾಜಗೋಪಾಲನಗರದ ಅವಳ ಮನೆಯಲ್ಲಿ, ರಾಗಿ ಡಬ್ಬದ ಹಿಂದೆ, ಬಿಸ್ಕತ್ತಿನ ಒಂದು ತಗಡಿನ ಡಬ್ಬವಿತ್ತು. ಅದರೊಳಗೆ ಅರವತ್ತೊಂದು ಬಿಲ್ಲೆಗಳಿದ್ದವು. ಎಲ್ಲವೂ ಅಂಗೈಯಗಲದ ಬಟ್ಟೆಯ ಬಿಲ್ಲೆಗಳು, ಎಲ್ಲದರ ಮೇಲೂ ಬಣ್ಣದ ದಾರದ ಕಸೂತಿ.

ಅವು ಅವಳ ಕೈಗೆ ಬಂದದ್ದು ಹೊಟ್ಟೆಪಾಡಿನ ದಾರಿಯಲ್ಲಿ. ರಾಗಿ ಬೆಳೆಯುತ್ತಿದ್ದ ಹೊಲ ಕಾರ್ಖಾನೆಗಳಿಗೆ ಹೋದ ಮೇಲೆ ಅವಳು ಚಿಂದಿ ಗೋಡೌನಿನ ಕೆಲಸಕ್ಕೆ ಸೇರಿದ್ದಳು. ಲೇತ್ ಮಿಷನ್ನಿನ ಮುಂದೆ ನಿಂತವರಿಗೆ ಎಣ್ಣೆ ಕೈ ಒರೆಸಲು, ಕಬ್ಬಿಣದ ತುಣುಕು ಒರೆಸಲು ದಿನಾ ಬಟ್ಟೆ ಬೇಕು. ಅದಕ್ಕಾಗಿ ಬೊಂಬಾಯಿ ಬಂದರಿನಿಂದ ಹೊರದೇಶದ ಹಳೇ ಬಟ್ಟೆ ಮೂಟೆ ಮೂಟೆಯಾಗಿ ಲಾರಿಯಲ್ಲಿ ಬರುತ್ತಿತ್ತು. ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಈಳಿಗೆ ಮಣೆ ಹಾಕಿಕೊಂಡು ಕೂತು ಅದನ್ನು ಸೀಳಬೇಕು. ಬದನೆಕಾಯಿ ಹೆಚ್ಚುವ ಈಳಿಗೆಯೇ, ಕತ್ತಿ ಮಾತ್ರ ಎರಡರಷ್ಟು ಉದ್ದ. ಗಟ್ಟಿಯಾದದ್ದು ಒಂದೂ ಬಟ್ಟೆಯಲ್ಲಿ ಉಳಿಯಬಾರದು ಎಂಬುದು ಅಲ್ಲಿನ ಕಟ್ಟಪ್ಪಣೆ. ಗುಂಡಿಯೋ ಜಿಪ್ಪೋ ಉಳಿದರೆ ನುಣುಪಾಗಿ ತಿಕ್ಕಿದ ಕಬ್ಬಿಣಕ್ಕೆ ಗೀರು ಬೀಳುತ್ತದೆ. ಬಿಲ್ಲೆಗಳೂ ಅಷ್ಟೆ, ದಾರ ಒತ್ತಾಗಿರುವುದರಿಂದ ಎಣ್ಣೆ ಕುಡಿಯುವುದಿಲ್ಲ. ಗುಂಡಿಗೆ ಜಿಪ್ಪಿಗೆ ಕೊಳ್ಳುವವರಿದ್ದರು. ಬಿಲ್ಲೆಗಳು ಯಾರಿಗೂ ಬೇಡವಾಗಿ ಒಲೆಗೆ ಹೋಗುತ್ತಿದ್ದವು.

ಒಂದು ದಿನ ಕಡುನೀಲಿ ಕೋಟೊಂದರ ಎದೆಯ ಮೇಲೆ, ಬೆನ್ನಿಗೆ ದೀಪ ಹೊತ್ತು ಅಲೆಯ ಮೇಲೆ ಈಜುವ ಆಮೆ ಕಂಡಿತು. ಚಿಕ್ಕಮುನಿಯಮ್ಮನ ಕೈ ಈಳಿಗೆಯ ಮೇಲೇ ನಿಂತಿತು. ಆಮೆಗೆ ದೀಪ ಯಾಕೆ? ಅದನ್ನು ಎದೆಯ ಮೇಲೆ ಹೊಲಿಸಿಕೊಂಡ ಮನುಷ್ಯ ಯಾರು? ಕೇಳಿದರೆ ಹೇಳುವವರು ಪಕ್ಕದಲ್ಲಿ ಯಾರೂ ಇರಲಿಲ್ಲ. ಬಿಚ್ಚಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು. ಅಲ್ಲಿಂದ ಹಿಡಿಯಿತು ನೋಡಿ ಹುಚ್ಚು. ಒಂದರಲ್ಲಿ ಹಲ್ಲು ಕಿರಿದ ಮೀನು, ಇನ್ನೊಂದರಲ್ಲಿ ಲಂಗರಿಗೆ ಸುತ್ತಿಕೊಂಡ ಸರ್ಪ, ಮತ್ತೊಂದರಲ್ಲಿ ಫಿರಂಗಿ ಸವಾರಿ ಮಾಡುವ ಹುಂಜ. ಬೇರೆ ಹೆಂಗಸರು ಬಿಲ್ಲೆಯನ್ನು ಈಳಿಗೆಗೆ ಕೊಟ್ಟು ಕಿತ್ತರೆ, ಇವಳು ಊಟದ ಬಿಡುವಿನಲ್ಲಿ ಸೂಜಿಯಿಂದ ಒಂದೊಂದೇ ಹೊಲಿಗೆ ಬಿಡಿಸುತ್ತಿದ್ದಳು.

ಹಾಗೆ ಬಿಡಿಸುವಾಗ ಅವಳಿಗೆ ಕಂಡದ್ದು ಬೇರೆಯವರಿಗೆ ಕಾಣುವಂಥದ್ದಲ್ಲ. ಬಿಲ್ಲೆಯ ಅಡಿಯ ಬಟ್ಟೆ ಬಿಸಿಲು ತಿನ್ನದೆ ಹೊಸದರ ಹಾಗೆ ಇರುತ್ತಿತ್ತು. ಕೆಲವು ಕೋಟುಗಳಲ್ಲಿ ಬಿಲ್ಲೆಯ ಸುತ್ತ ಇನ್ನೊಂದು ಸುತ್ತು ಹಳೇ ಸೂಜಿತೂತುಗಳಿರುತ್ತಿದ್ದವು, ಅಂದರೆ ಅಲ್ಲಿ ಮೊದಲು ಬೇರೊಂದು ಬಿಲ್ಲೆ ಇತ್ತು. ಯಾಕೆ ಬದಲಾಯಿಸಿದರು? ಓದುಬರಹ ಬಾರದಿದ್ದರೂ ಹೆಚ್ಚಿನ ಬಿಲ್ಲೆಗಳಲ್ಲಿ ಮೊದಲಿಗೆ ಒಂದೇ ಮೂರು ಅಕ್ಷರ ಇರುವುದನ್ನು ಅವಳು ಗುರುತಿಸಿದ್ದಳು. ಬಾಯಿ ತೆರೆದ ಒಂದು ಪಾತ್ರೆ, ಪಕ್ಕದಲ್ಲಿ ಎರಡು ಹಾವು. ಇವರೆಲ್ಲ ಒಂದೇ ಬೆಡಗಿನವರು, ಒಂದೇ ಕುಲದವರು, ಆಮೆ ಹುಂಜ ಮೀನುಗಳೆಲ್ಲ ಅವರವರ ಮನೆದೇವರ ಗುರುತು ಎಂದು ತೀರ್ಮಾನಿಸಿಕೊಂಡಿದ್ದಳು. ಮೇಲ್ವಿಚಾರಕ ಶ್ಯಾಮಣ್ಣನನ್ನು ಕೇಳಿದಾಗ ಅವನು ತಲೆ ಎತ್ತದೆ, "ಯಾವ್ದೋ ಇಸ್ಕೂಲಿಂದು ಕಣಮ್ಮ," ಎಂದಿದ್ದ.

"ಇಸ್ಕೂಲ್ ಮಕ್ಳ ಎದೆ ಇಷ್ಟಗಲ ಇರ್ತದಾ ಸಾರ್?" ಎಂದು ಇವಳು ಕೋಟು ಹಿಡಿದು ತೋರಿಸಿದ್ದಕ್ಕೆ ಅವನು ಲೆಕ್ಕದ ಪುಸ್ತಕದ ಹಾಳೆ ಮಗುಚಿದ.

ಹೀಗೆ ಮೂರು ವರ್ಷ ಕಳೆಯಿತು. ಮಗಳು ಅನುಸೂಯ ಮಹದೇವಪುರದ ಗಂಡನ ಮನೆಯಲ್ಲಿ ಬಸುರಿಯಾಗಿದ್ದಳು. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಲು ಸೋಮವಾರ ಒಳ್ಳೆಯ ದಿನವೆಂದು ಗೊತ್ತಾಯಿತು. ಅತ್ತೆ ವೆಂಕಟಮ್ಮ ಮನೆ ಸಾರಿಸಿ ಗುಡಿಸುವಾಗ ರಾಗಿ ಡಬ್ಬ ಸರಿಸಿದಳು. ಬಿಸ್ಕತ್ತಿನ ಡಬ್ಬ ಸಿಕ್ಕಿಬಿತ್ತು.

"ಏನಮ್ಮಿ ಇವು?"

"ಕೋಟಿನ ಬಿಲ್ಲೆ ಅತ್ತೆ. ಗೋಡೌನಿಂದು."

"ಆ ಕೋಟೇನು ಅರಿದೋಗಿದ್ವಾ?"

"ಇಲ್ಲ ಕಣತ್ತೆ, ಗಟ್ಟಿಮುಟ್ಟಾಗೇ ಇದ್ವು," ಎಂದಳು ಚಿಕ್ಕಮುನಿಯಮ್ಮ, ಆ ಮಾತು ತನ್ನ ಕೊರಳಿಗೇ ಬರುತ್ತದೆಂದು ತಿಳಿಯದೆ.

ವೆಂಕಟಮ್ಮ ಡಬ್ಬವನ್ನು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. "ಗಟ್ಟಿಮುಟ್ಟಾದ ಕೋಟ ಬದುಕಿರೋನು ಬಿಸಾಕ್ತಾನಾ? ಒಬ್ಬನಲ್ಲ ಇಬ್ಬರಲ್ಲ, ಮೂಟೆಗಟ್ಲೆ! ಸತ್ತೋರ ಬಟ್ಟೆ ಕಣೆ ಇವು. ಬಸುರಿ ಮಗಳು ಬರೋ ಮನೇಲಿ ಅರವತ್ತು ಹೆಣದ ಬಟ್ಟೆ ಮಡಗಿದ್ದೀಯಲ್ಲ, ಬುದ್ಧಿ ಐತಾ ನಿಂಗೆ?"

ಸತ್ತವರ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಪದ್ಧತಿ ಅವರಲ್ಲಿರಲಿಲ್ಲ. ಒಂದು ಚೂರೂ ಉಳಿಸಿಕೊಳ್ಳದೆ ಮಡಿವಾಳನಿಗೆ ಕೊಟ್ಟುಬಿಡಬೇಕು. ಮುದುಕಿಯ ಲೆಕ್ಕಾಚಾರದಲ್ಲಿ ಹುಳುಕೇನೂ ಇರಲಿಲ್ಲ. ಮೂರು ವರ್ಷ ಏನೇನೋ ಪ್ರಶ್ನೆ ಕೇಳಿಕೊಂಡ ಚಿಕ್ಕಮುನಿಯಮ್ಮನಿಗೆ ಈ ಒಂದು ಪ್ರಶ್ನೆ ಹೊಳೆದಿರಲಿಲ್ಲವಲ್ಲ! ಮಗಳ ಹೊಟ್ಟೆಯ ಕೂಸಿಗೆ ಏನಾದರೂ ಆದರೆ ತನ್ನನ್ನು ತಾನು ಕ್ಷಮಿಸಿಕೊಳ್ಳಲಾರಳು. ಬಿಲ್ಲೆಗಳನ್ನು ಒಲೆಗೆ ಹಾಕಲೂ ಮನಸ್ಸು ಒಪ್ಪಲಿಲ್ಲ. ಗಂಡ ಹನುಮಯ್ಯ ಅಮ್ಮನಿಗೂ ಹೆಂಡತಿಗೂ ಮಾತು ಹತ್ತಿದಾಗ ದನಕ್ಕೆ ನೀರಿಡಲು ಹೋಗುವ ಜಾಣ. ಆಗಲೂ ಹೋಗಿದ್ದ.

"ಭಾನುವಾರದಗಂಟ ಬಿಡಿ ಅತ್ತೆ. ಸತ್ತೋರದೋ ಅಲ್ವೋ ತಿಳ್ಕೊಂಡ್ ಬತ್ತೀನಿ. ಸತ್ತೋರದೇ ಆದ್ರೆ ನನ್ನ ಕೈಯಾರೆ ಒಲೆಗಾಕ್ತೀನಿ."

ತಿಳಿದವರು ಯಾರಿದ್ದಾರೆಂದು ಶ್ಯಾಮಣ್ಣನ ಬೆನ್ನು ಹತ್ತಿದಳು. ಬಿಲ್ಲೆಯ ಲಂಗರನ್ನು ಮೊದಲ ಸಲ ಕಣ್ಣಿಟ್ಟು ನೋಡಿದ ಅವನು, ಪಕ್ಕದ ಎರಕದ ಕಾರ್ಖಾನೆಯ ಗೇಟು ಕಾಯುವ ನರಸಿಂಹಯ್ಯ ಹಡಗಿನ ಮಿಲಿಟರಿಯಲ್ಲಿ ಇದ್ದವನು ಎಂದ. ನರಸಿಂಹಯ್ಯನನ್ನು ಅವಳು ದಿನಾ ನೋಡುತ್ತಿದ್ದಳು. ಮಹದೇವಪುರದ ಹತ್ತಿರದ ಹೂಡಿ ಕಡೆಯವನು, ಯಾರೊಂದಿಗೂ ಹರಟೆಗೆ ನಿಲ್ಲದವನು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪ ಹುಡುಕಿದ ಹಾಗಾಯಿತು.

ಭಾನುವಾರ ಕಾರ್ಖಾನೆಗೆ ರಜೆ, ಗೇಟಿಗೆ ರಜೆಯಿಲ್ಲ. ಹೊರಟು ನಿಂತ ಸೊಸೆಯ ಹಿಂದೆ ವೆಂಕಟಮ್ಮನೂ ಕೋಲು ಹಿಡಿದು ಹೊರಟಳು. "ನೀನೊಬ್ಳೇ ಓದ್ರೆ ನಿಂಗೆ ಬೇಕಾದಂಗೆ ಬಂದು ಯೋಳ್ತೀಯ. ನಾನೂ ಬತ್ತೀನಿ ನಡಿ."

ನರಸಿಂಹಯ್ಯ ಮುದುಕಿಗೆ ತನ್ನ ಸ್ಟೂಲು ಬಿಟ್ಟುಕೊಟ್ಟ. ಡಬ್ಬದ ಮುಚ್ಚಳ ತೆಗೆದಾಗ ಮಾತ್ರ ಅವನ ಮುಖ ಬದಲಾಯಿತು. ನೆಲದ ಮೇಲೆ ಟವೆಲು ಹಾಸಿ, ಬಿಲ್ಲೆಗಳನ್ನು ತಾನೇ ಸಾಲು ಸಾಲಾಗಿ ಜೋಡಿಸಿದ. ಇವು ಯುದ್ಧದ ಹಡಗಿನವು, ಇವು ದಡದ ಮೇಲಿನ ನೌಕಾನೆಲೆಗಳವು, ಹಲ್ಲು ಕಿರಿದ ಮೀನಿನವು ನೀರಿನೊಳಗೇ ಓಡಾಡುವ ಹಡಗಿನವು ಎಂದು ಬಿಡಿಸಿ ಹೇಳಿದ. ಪ್ರತಿ ಹಡಗಿಗೂ ತನ್ನದೇ ಒಂದು ಗುರುತು ಇರುತ್ತದಂತೆ. ಆ ಮೂರು ಅಕ್ಷರ ಬೆಡಗೂ ಅಲ್ಲ, ಮನೆತನವೂ ಅಲ್ಲ, ಇಂಗ್ಲಿಷಿನ ಯು.ಎಸ್.ಎಸ್., ಅಮೆರಿಕದ ಸರ್ಕಾರದ ಹಡಗು ಎನ್ನುವ ಸೂಚನೆ.

"ಈ ಆಮೆ?" ಎಂದಳು ಚಿಕ್ಕಮುನಿಯಮ್ಮ, ತಡೆಯಲಾರದೆ.

"ಅದು ಬೇರೆ ಹಡಗುಗಳನ್ನ ರಿಪೇರಿ ಮಾಡೋ ಹಡಗು ಅಕ್ಕ. ನಿಧಾನಕ್ಕೆ ಹೋಗುತ್ತೆ, ಆದ್ರೆ ಎಲ್ರಿಗೂ ಬೇಕು."

"ಮತ್ತೆ ಕೆಲವು ಕೋಟಲ್ಲಿ ಎರಡು ಸುತ್ತು ಸೂಜಿ ತೂತು ಇರ್ತವಲ್ಲಣ್ಣ, ಅದ್ಯಾಕೆ?"

ಅವನು ಅವಳನ್ನೇ ಒಂದು ಗಳಿಗೆ ನೋಡಿದ. "ಹಡಗು ಬದಲಾದಾಗ ಹಳೇ ಬಿಲ್ಲೆ ಬಿಚ್ಚಿ ಹೊಸದು ಹೊಲ್ಕೊಳ್ತಾರೆ. ಇದನ್ನ ನೀವೇ ಕಂಡುಹಿಡಿದ್ರಾ? ಅಡ್ಡಿಯಿಲ್ಲ ಕಣಕ್ಕ!"

ಚಿಕ್ಕಮುನಿಯಮ್ಮನಿಗೆ ಖುಷಿ ತಡೆಯಲಾಗಲಿಲ್ಲ. ಮೂರು ವರ್ಷದ ಗಂಟು ಅರ್ಧ ಗಂಟೆಯಲ್ಲಿ ಬಿಚ್ಚಿಕೊಂಡಿತ್ತು, ಇನ್ನೂ ಹತ್ತು ಪ್ರಶ್ನೆ ನಾಲಗೆಯ ತುದಿಯಲ್ಲಿದ್ದವು. ವೆಂಕಟಮ್ಮ ಕೋಲನ್ನು ನೆಲಕ್ಕೆ ಕುಟ್ಟಿದಳು.

"ಆಮೆ ಮೀನು ಅಂಗಿರ್ಲಪ್ಪ. ಇವು ಸತ್ತೋರವಾ, ಬದುಕಿರೋರವಾ? ಅದ ಯೋಳು ಮೊದ್ಲು. ನಾಳೆ ನನ್ನ ಮೊಮ್ಮಗಳು ಎರಿಗೆಗೆ ಬತ್ತಾಳೆ."

ನರಸಿಂಹಯ್ಯ ಒಂದು ಬಿಲ್ಲೆ ಎತ್ತಿಕೊಂಡು ಹೆಬ್ಬೆರಳಿನಿಂದ ಅದರ ದಾರ ಸವರಿದ.

"ಇವತ್ತು ಯಾರು ಬದುಕಿದ್ದಾರೆ, ಯಾರು ಇಲ್ಲ, ಅದು ನನಗೆ ಗೊತ್ತಿಲ್ಲಮ್ಮ. ಆದ್ರೆ ಸಮುದ್ರದಲ್ಲಿ ಮುಳುಗಿ ಸತ್ತೋರವಲ್ಲ. ಅದನ್ನ ಎಲ್ಲಿ ಬೇಕಾದ್ರೂ ಹೇಳ್ತೀನಿ."

"ಅದೆಂಗೆ ಅಷ್ಟು ಗಟ್ಟಿಯಾಗಿ ಯೋಳ್ತೀಯ?"

"ಮುಳುಗಿದೋನ ಕೋಟು ಅವನ ಜೊತೇಲೇ ಹೋಗುತ್ತೆ. ಪೆಟ್ಟಿಗೇಲಿ ಮಡಿಸಿಟ್ಟಿದ್ದೂ ಹಡಗಿನ ಜೊತೆ ಹೋಗುತ್ತೆ. ಈ ಕೋಟು ಇಲ್ಲೀಗಂಟ ಬಂದಿದೆ ಅಂದ್ರೆ, ಇದನ್ನ ಹಾಕ್ಕೊಂಡಿದ್ದೋನು ದಡಕ್ಕೆ ಬಂದು, ಗುಂಡಿ ಬಿಚ್ಚಿ, ಇನ್ನು ಇದು ಬೇಡ ಅಂತ ತೆಗೆದಿಟ್ಟಿದ್ದಾನೆ ಅಂತ ಅರ್ಥ."

"ನೀನು ಕಣ್ಣಾರೆ ಕಂಡಿದ್ದೀಯಾ?"

"ನನ್ನ ತಮ್ಮನದು ಬರಲಿಲ್ಲಮ್ಮ."

ಎಪ್ಪತ್ತೊಂದರ ಯುದ್ಧದಲ್ಲಿ ಹಡಗಿನ ಜೊತೆ ಮುಳುಗಿ ಹೋದವನು ಆ ತಮ್ಮ. ಅಣ್ಣನನ್ನು ನೋಡಿ ತಾನೂ ಹಡಗು ಸೇರಿದ್ದ. ಸರ್ಕಾರದಿಂದ ಒಂದು ಕಾಗದ ಬಂತು, ಅಷ್ಟೆ. ತಿಥಿಯ ದಿನ ಹೂಡಿಯ ಹಿರಿಯರು ಮಡಿವಾಳನಿಗೆ ಕೊಡಲು ಸತ್ತವನ ಬಟ್ಟೆ ತರಲು ಹೇಳಿದರು. ಕೊಡಲು ಅವನದೊಂದು ಗುಂಡಿಯೂ ಇರಲಿಲ್ಲ. ನರಸಿಂಹಯ್ಯ ತನ್ನದೇ ಕೋಟು ಬಿಚ್ಚಿ ಕೊಟ್ಟ. ಇಷ್ಟನ್ನೂ ಅವನು ಬೇರೆ ಯಾರದೋ ಮನೆಯ ಸುದ್ದಿ ಹೇಳುವವನಂತೆ ಹೇಳಿದ.

ವೆಂಕಟಮ್ಮ ಸ್ಟೂಲಿನಿಂದ ಇಳಿದು ನೆಲದ ಮೇಲೆ ಕೂತು, ಎರಡು ದಿನದಿಂದ ಬೆರಳು ಸೋಕಿಸದ ಬಿಲ್ಲೆಗಳನ್ನು ಒಂದೊಂದಾಗಿ ಎತ್ತಿ ಡಬ್ಬಕ್ಕೆ ತುಂಬತೊಡಗಿದಳು.

"ದಡ ಸೇರಿದೋರ ಬಿಲ್ಲೆ ಕಣಮ್ಮಿ. ಬಾಣಂತಿ ಮನೇಲಿದ್ರೆ ಒಳ್ಳೇದೇ," ಎಂದಳು ಸೊಸೆಗೆ.

ಚಿಕ್ಕಮುನಿಯಮ್ಮ ಡಬ್ಬವನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಮಗಳು ಬರಬಹುದು, ಬಿಲ್ಲೆಗಳೂ ಉಳಿದವು. ಹಗುರಾಗಬೇಕಿದ್ದ ಮನಸ್ಸು ಯಾಕೋ ಹಗುರಾಗಲಿಲ್ಲ. ನಾಲ್ಕು ಹೆಜ್ಜೆ ಇಟ್ಟಿರಬೇಕು, ನರಸಿಂಹಯ್ಯ ಹಿಂದಿನಿಂದ ಕೂಗಿದ.

"ಅಕ್ಕ, ಆ ಮೂಟೆಗಳಲ್ಲಿ ನಮ್ ದೇಶದ ಕೋಟೂ ಬರ್ತವಾ?"

ಅವಳು ನಿಂತಳು. ಬರುವುದಿಲ್ಲ. ಮೂರು ವರ್ಷದಲ್ಲಿ ಒಂದೂ ಬಂದಿರಲಿಲ್ಲ, ಬರುವಂತೆಯೂ ಇರಲಿಲ್ಲ. ಮೂಟೆಯೆಲ್ಲ ಸಮುದ್ರದ ಆಚೆಯಿಂದ ಬರುವಂಥದ್ದು. ಅವನಿಗೂ ಅದು ಗೊತ್ತಿಲ್ಲದ್ದೇನಲ್ಲ. ಸುಳ್ಳು ಹೇಳಲು ಬಾರದೆ, ನಿಜ ಹೇಳಲು ಬಾಯಿ ಏಳದೆ ಅವಳು ಸೆರಗು ಹಿಡಿದುಕೊಂಡಳು.

ವೆಂಕಟಮ್ಮನೇ ತಿರುಗಿ ನಿಂತು ಹೇಳಿದಳು. "ಬಿಚ್ಚದೇ ಇರೋ ಮೂಟೆ ಇನ್ನೂ ಎಷ್ಟವೋ ಏನೋ ಕಣಪ್ಪ. ನನ್ ಸೊಸೆ ನೋಡ್ತಾಳೆ ಬಿಡು."

ಆಷಾಢ ಕಳೆದ ಮೇಲೆ ಅನುಸೂಯಳಿಗೆ ಗಂಡು ಮಗು ಹುಟ್ಟಿತು. ಚಿಕ್ಕಮುನಿಯಮ್ಮ ಆಮೇಲೂ ಆರು ವರ್ಷ ಆ ಗೋಡೌನಿನಲ್ಲಿ ದುಡಿದಳು, ಬಿಲ್ಲೆಗಳು ನೂರು ದಾಟಿದವು. ಹೊಸ ಮೂಟೆ ಬಿಚ್ಚಿದ ದಿನವೆಲ್ಲ, ಸಂಜೆ ಮನೆಗೆ ಹೋಗುವಾಗ ಅವಳು ಎರಕದ ಕಾರ್ಖಾನೆಯ ಗೇಟಿನ ಮುಂದೆ ನಿಲ್ಲುತ್ತಿದ್ದಳು.

"ಇವತ್ತಿನ ಮೂಟೇಲಿ ಇರ್ಲಿಲ್ಲಣ್ಣ."

"ಆಗ್ಲಿ ಅಕ್ಕ," ಎನ್ನುತ್ತಿದ್ದ ನರಸಿಂಹಯ್ಯ. "ಮುಂದಿನ ಲಾರಿ ಯಾವತ್ತು ಬರುತ್ತೆ?"