ಲಾರಿಯ ದನಿಯ ಪುಟ್ಟ ಕಾರು

ಇಲ್ಲ, ಅವತ್ತು ಮೊದಲು ಏದುಸಿರು ಬಿಟ್ಟದ್ದು ಕಾರಲ್ಲ, ನಾನೇ ಇರಬೇಕು. ಏರಿನ ನಡುವೆ ನಿಂತ ಕಾರನ್ನು ಒಬ್ಬಳೇ ತಳ್ಳಿದೆ ಎಂದು ಬಹಳ ಜನರ ಹತ್ತಿರ ಹೇಳಿಕೊಂಡಿದ್ದೇನೆ. ಆದರೆ ನಮ್ಮ ಮನೆಗೆ ಹತ್ತುವ ಆ ಕೊನೆಯ ಏರಿನಲ್ಲಿ ಒಂದು ಕೈಗಾಡಿಯನ್ನೂ ಒಬ್ಬರು ತಳ್ಳಲಾರರು. ಬಹುಶಃ ನಾನು ಬ್ರೇಕು ಬಿಟ್ಟು ಬಿಟ್ಟು ಹಿಂದಕ್ಕೆ ಇಳಿಸಿ, ಕಾರನ್ನು ಬುಡದಲ್ಲೇ ಬಿಟ್ಟು, ಚಪ್ಪಲಿ ಎಳೆದುಕೊಂಡು ಮನೆಗೆ ನಡೆದಿರಬೇಕು. ತಳ್ಳಿದ್ದು ಆಮೇಲಿನ ಸೇರಿಕೆ. ಇಂಥವು ಇನ್ನೆಷ್ಟಿವೆಯೋ. ಕಂಡಲ್ಲಿ ಹೊಡೆದುಹಾಕುತ್ತೇನೆ.

ಕಾರು ಇದ್ದದ್ದಂತೂ ನಿಜ, ಈಗಲೂ ಇದೆ. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ಉಜ್ಜುವ ಸ್ಪೋರ್ಟ್ಸ್ ಕಾರು. ಬಸರೀಕಟ್ಟೆ ಕಡೆಯ ನಮ್ಮ ಮನೆಯಿಂದ ನರಸಿಂಹರಾಜಪುರಕ್ಕೆ ಪಾಠ ಹೇಳಲು ಹೋಗುವ ನಾನು, ಐವತ್ತು ದಾಟಿದ ಮೇಲೆ, ಶೃಂಗೇರಿಯ ಒಬ್ಬರಿಂದ ಅದನ್ನು ಕೊಂಡೆ. ನೋಡಿದ ದಿನ ನನ್ನ ಗಂಡ ಅದರ ಸುತ್ತ ಒಂದು ಸುತ್ತು ಬಂದು, "ಇದು ಹತ್ತಿ ಕೂರೋದಲ್ಲ ಮಾರಾಯ್ತಿ, ಕಾಲಿಗೆ ಮೆಟ್ಕೊಳ್ಳೋದು" ಎಂದರು.

ಏರಿನಲ್ಲಿ ಅದು ನಿಂತ ಮೇಲೆ ಗಂಡನ ಷರತ್ತು ಬಂತು. "ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಒಂದ್ಸಲ ಹತ್ಸು. ಹತ್ತಿದ್ರೆ ಇಟ್ಕೋ. ಇಲ್ಲಾಂದ್ರೆ ಮಾರಿ ಬಿಡುವ."

ನಾನು ಒಪ್ಪಿದೆ. ಧೈರ್ಯದಿಂದ ಒಪ್ಪಿದೆ ಎಂದು ಬರೆಯಲು ಹೊರಟಿದ್ದೆ, ಅದೂ ಸೇರಿಕೆಯೇ. ಕಾರು ಕೈತಪ್ಪೀತೆಂಬ ಭಯವಿತ್ತು. ನಮ್ಮ ಮನೆಯ ಮಂಚ, ಬೀರು, ಗೋಡೆಯ ಬಣ್ಣ, ಒಂದನ್ನೂ ಆರಿಸಿದವಳು ನಾನಲ್ಲ. ಯಾರನ್ನೂ ಕೇಳದೆ ಆರಿಸಿ ತಂದದ್ದು ಆ ಕಾರೊಂದೇ.

ಕೊಪ್ಪದಲ್ಲಿ ಎಸ್ಟೇಟ್ ಜೀಪುಗಳ ಸೈಲೆನ್ಸರಿಗೆ ಬೆಸುಗೆ ಹಾಕುವ ಒಬ್ಬರು ಮೆಕ್ಯಾನಿಕ್ ಇದ್ದಾರೆ. ಅವರು ಕಾರನ್ನು ಎತ್ತಿಸಿ, ಅಡಿಯಲ್ಲಿ ಮಲಗಿ, ಹೊಗೆ ಹೋಗುವ ದಾರಿಯನ್ನು ಸ್ಪ್ಯಾನರಿನಿಂದ ತಟ್ಟುತ್ತ ಬಂದರು. ನಡುವಿನ ಒಂದು ಡಬ್ಬಿ ಗಿಲಿಗಿಲಿ ಎಂದಿತು. ಅದು ಹೊಗೆಯ ವಿಷ ತೆಗೆಯುವ ಡಬ್ಬಿ, ಒಳಗಿನ ಜೇನುಹುಟ್ಟಿನಂಥ ಜಾಲರಿ ಒಡೆದು ದಾರಿ ಕಟ್ಟಿದೆ ಎಂದರು.

"ಅದಕ್ಕೇ ಉಸಿರು ಕಟ್ತಾ ಇದೆ ಅಕ್ಕ. ಡಬ್ಬಿ ಹೊಸದು ಹಾಕುವ, ಸರಿಯಾಗ್ತದೆ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಾನು ರಾತ್ರಿಯೆಲ್ಲ ಫೋನಿನಲ್ಲಿ ವಿಡಿಯೋ ನೋಡಿದವಳು. ಸೈಲೆನ್ಸರೂ ಬದಲಾಗಲಿ, ಪೈಪೂ ದಪ್ಪಗಿರಲಿ, ದನಿ ಗಂಭೀರವಾಗಿರಲಿ ಎಂದೆ.

ಅವರು ಅಡಿಯಿಂದ ತಲೆ ಮಾತ್ರ ಹೊರಗೆ ಹಾಕಿದರು. "ಬಚ್ಚಲೊಲೆ ಉರ್ಸಿದೀರಲ್ಲ? ಹೊಗೆಗೂಡು ತೀರಾ ಸಣ್ಣ ಆದ್ರೆ ಹೊಗೆ ಒಳಗೇ ತಿರುಗ್ತದೆ. ತೀರಾ ದೊಡ್ಡ ಆದ್ರೆ ಸೆಳೆತವೇ ಇಲ್ಲ, ಹೊಗೆ ಸೋಮಾರಿ ಆಗ್ತದೆ. ಇದೂ ಹಾಗೇ. ದಪ್ಪ ಪೈಪು ಸಪಾಟು ರಸ್ತೇಲಿ ಜೋರು ಓಡುವಾಗ ಚಂದ. ನಿಮ್ಮ ಏರಲ್ಲಿ, ನಿಧಾನಕ್ಕೆ ಹೋಗುವಾಗ, ಎಳೆಯೋದಿಲ್ಲ."

"ದನಿ ಚೆನ್ನಾಗಿರ್ತದಲ್ಲ?"

"ದನಿಗೆಂತ, ಮೈಕ್ ಕಟ್ಟುವ ಬೇಕಾದ್ರೆ."

ಕೊನೆಗೆ ನನ್ನ ಹಟವೇ ಗೆದ್ದಿತು. ಸ್ಟಾರ್ಟ್ ಮಾಡಿದಾಗ ವರ್ಕ್‌ಶಾಪಿನ ತಗಡು ಅದುರಿತು. ಅದುರಿತೇ? ಏನೋ ಅದುರಿತು, ಬೆಂಚಿನ ಮೇಲಿನ ಸ್ಪ್ಯಾನರೂ ಇರಬಹುದು.

ಪರೀಕ್ಷೆಯ ಸಂಜೆ ಗಂಡ ಮಂಡಿಯನ್ನು ಗಲ್ಲಕ್ಕೆ ಮುಟ್ಟಿಸಿಕೊಂಡು ಪಕ್ಕದಲ್ಲಿ ಕೂತರು. ನಮ್ಮ ಏರು ಒಂದೇ ಗಾಡಿ ಹಿಡಿಸುವ ಕಾಂಕ್ರೀಟು ರಸ್ತೆ, ಮಧ್ಯದಲ್ಲಿ ಕುರುಡು ತಿರುವು. ಅಲ್ಲಿ ಕಣ್ಣಿಗೆ ಕೆಲಸವಿಲ್ಲ, ಎಲ್ಲರೂ ಕಿವಿಯಲ್ಲೇ ಗಾಡಿ ಓಡಿಸುತ್ತಾರೆ. ಜೀಪಿನ ಸದ್ದು ಕೇಳಿದರೆ ಬೈಕು ನಿಲ್ಲುತ್ತದೆ. ಲೋಡು ಹೊತ್ತ ಲಾರಿಯ ಸದ್ದು ಕೇಳಿದರೆ, ಮೇಲಿಂದ ಬರುವ ಜೀಪೂ ಹಿಂದೆ ಸರಿದು, ಅಗಲ ಇರುವಲ್ಲಿ ಕಾಯಬೇಕು. ನನ್ನ ಕಾರಿನ ಹಳೆಯ ಗುಂಯ್ ಎನ್ನುವ ಸದ್ದಿಗೆ ಯಾರೂ ಸರಿದದ್ದಿಲ್ಲ. ಅವರೆದುರು ಪ್ರತಿ ಸಲವೂ ನಿಂತವಳು ನಾನೇ. ನಿಂತರೆ ಮತ್ತೆ ಹೊರಡುತ್ತಿರಲಿಲ್ಲ.

ತಿರುವಿನ ಹತ್ತಿರ ಕಾರು ಸುಸ್ತಾಯಿತು. ಮೆಕ್ಯಾನಿಕ್ ಹೇಳಿದಂತೆಯೇ ಆರ್ಭಟ ಹೆಚ್ಚು, ಎಳೆತ ಕಡಿಮೆ. ಗಂಡ ಕಿಟಕಿಯ ಕಡೆ ನೋಡುತ್ತ ಮೀಸೆಯಲ್ಲೇ ನಕ್ಕರು. ನಾನು ಆಕ್ಸಿಲರೇಟರ್ ಒತ್ತಿದೆ. ತಿರುವಿನಾಚೆ ನಮ್ಮ ಪಕ್ಕದ ಎಸ್ಟೇಟಿನ ಜೀಪು, ಎದುರಿಗಲ್ಲ, ಬದಿಯ ಅಗಲದಲ್ಲಿ ಧರೆಯ ಮಣ್ಣುಗೋಡೆಗೆ ಒತ್ತಿ ನಿಂತಿತ್ತು. ದಾರಿ ಖಾಲಿ. ಒಂದೇ ಓಟದಲ್ಲಿ ಅಂಗಳ ಸೇರಿದೆವು.

ಕಾಲು ಗಂಟೆಯಾದರೂ ಜೀಪು ಕೆಳಗಿಳಿಯಲಿಲ್ಲ. ಗಂಡ ಅಂಗಳದ ಅಂಚಿನಿಂದ ಕೂಗಿದರು: "ಎಂತಕ್ಕೆ ನಿಂತಿದ್ದೀಯ ಮಾರಾಯ?"

"ಲಾರಿ ಬರ್ಲಿ ಅಂತ!" ಎಂದ ಡ್ರೈವರು.

"ಯಾವ ಲಾರಿ?"

"ಕೆಳಗಿಂದ ಹತ್ತಾ ಇತ್ತಲ್ಲ, ಮರದ ಲೋಡು. ನಾನು ರಿವರ್ಸ್ ಬಂದು ಸೈಡ್ ಕೊಟ್ಟೆ. ಅಕ್ಕನ ಕಾರು ಹೋಯ್ತು, ಅಷ್ಟರಲ್ಲಿ ಲಾರಿ ಸದ್ದೇ ನಿಂತೋಯ್ತು. ತಿರುವಲ್ಲಿ ಕೆಟ್ಟು ಕೂತಿರ್ಬೇಕು, ಪಾಪ!"

ಗಂಡ ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತು ನಕ್ಕರು. ನಗು ನಿಂತ ಮೇಲೆ, "ಹತ್ತಿತು ಬಿಡು. ಇಟ್ಕೋ ನಿನ್ನ ಲಾರಿನ" ಎಂದರು. ಮಾರುವ ಮಾತು ಮತ್ತೆ ಬಂದಿಲ್ಲ.

ಮೆಕ್ಯಾನಿಕ್‌ಗೆ ಗೆದ್ದೆ ಎಂದು ಹೇಳಿದೆ. ಅವರು, "ಅಡ್ಡ ಯಾರಾದ್ರೂ ಬಂದು, ನೀವು ನಡುವೆ ನಿಂತು ಮತ್ತೆ ಹೊರಟ್ರಾ?" ಎಂದಷ್ಟೇ ಕೇಳಿದರು. ನಾನು ಮಾತು ಬದಲಿಸಿದೆ.

ಈಗ ಎಲ್ಲರಿಗೂ ಅದು ಯಾರ ಸದ್ದೆಂದು ಗೊತ್ತು. ಆದರೂ ಸರಿದು ನಿಲ್ಲುತ್ತಾರೆ. ನಿಜವಾದ ಲಾರಿಯೇ ಬಂದುಬಿಟ್ಟರೆ ಎಂಬ ಭಯ. ಹಾಗಾಗಿ ಆ ಏರಿನಲ್ಲಿ ನನಗೆ ಮತ್ತೆ ನಿಲ್ಲುವ ಸಂದರ್ಭ ಬಂದೇ ಇಲ್ಲ. ನಾನಾಗಿ ಒಂದು ಸಲ ನಿಲ್ಲಿಸಿ ನೋಡಬಹುದು. ನೋಡಿಲ್ಲ. ನಡುವೆ ನಿಂತರೆ ಈ ಕಾರು ಮತ್ತೆ ಹೊರಟು ಏರು ಹತ್ತುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ.